ತಿತಿಮತಿ ಹಾಡಿಯಲ್ಲಿ ಒಂದು ಹನಿ ರಕ್ತ

ಹುಣಸೂರು ದಾಟಿ ಗೋಣಿಕೊಪ್ಪಲಿನತ್ತ ಹೊರಟರೆ ಆನೆಚೌಕೂರು ಗೇಟು ಸಿಗುತ್ತದೆ. ಅಲ್ಲಿಂದ ತಿತಿಮತಿಯವರೆಗೆ ಕಾಡು. ಆನೆ ಕಂಡೀತೇನೋ ಎಂದು ಮಕ್ಕಳು ಬಸ್ಸಿನ ಕಿಟಕಿಗೆ ಮುಖ ಒತ್ತಿ ಕುಳಿತಿರುತ್ತಾರೆ. ಕೊಡಗಿಗೆ ಬಂದವರು ಕಾಡು, ಕಾಫಿ, ಮಂಜು ನೋಡಿ ಹಿಂದಿರುಗುತ್ತಾರೆ. ಆ ಕಾಫಿ ಕೊಯ್ಯುವ ಯರವರ, ಜೇನುಕುರುಬರ ಹಾಡಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಸಹೋದರಿಯರೇ, ಈ ಸಲ ಅಲ್ಲಿಗೇ ಹೋಗೋಣ ಬನ್ನಿ.

ನನ್ನ ತರಗತಿಯಲ್ಲಿ ಹಾಡಿಯ ಹುಡುಗಿಯೊಬ್ಬಳಿದ್ದಾಳೆ. ಮಳೆಗಾಲ ಶುರುವಾದರೆ ಸಾಕು, ಅವಳು ಶಾಲೆಗೆ ಬರುತ್ತಿರಲಿಲ್ಲ. ಕೇಳಿದರೆ ‘ಕೈಕಾಲು ನೋವು’ ಎನ್ನುತ್ತಿದ್ದಳು. ಸೋಮಾರಿತನವೆಂದು ಎಲ್ಲರೆದುರು ಗದರಿದ್ದೆ. ಮನೆಯಲ್ಲಿ ವಾತವೆಂದು ಎಣ್ಣೆ ತಿಕ್ಕುತ್ತಿದ್ದರು. ರಕ್ತ ಕಡಿಮೆಯೆಂದು ಯಾರೋ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಹಾಡಿಗೆ ಬಂದ ಆರೋಗ್ಯ ತಂಡ ರಕ್ತ ಪರೀಕ್ಷಿಸಿದಾಗ ತಿಳಿಯಿತು, ಅದು ಸಿಕಲ್ ಸೆಲ್, ಅಂದರೆ ಕುಡುಗೋಲು ಕಣ ರಕ್ತಹೀನತೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ರಕ್ತದ ಕೆಂಪು ಕಣ ದುಂಡಗಿರಬೇಕು, ಮೆತ್ತಗಿರಬೇಕು. ಈ ರೋಗದಲ್ಲಿ ಅದು ಕುಡುಗೋಲಿನಂತೆ ಬಾಗಿ, ಗಡುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅದರಿಂದಲೇ ಆ ತಡೆಯಲಾರದ ನೋವು. ಚಳಿ ಹಿಡಿದರೆ, ದೇಹದಲ್ಲಿ ನೀರು ಕಡಿಮೆಯಾದರೆ ನೋವು ಕೆರಳುತ್ತದೆ. ಕೊಡಗಿನ ಮಳೆ ಎಂಥದೆಂದು ನಿಮಗೆ ಗೊತ್ತೇ ಇದೆ.

ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ದೂರವೇನಲ್ಲ, ನೀಲಗಿರಿಯ ಬುಡಕಟ್ಟು ಜನರಲ್ಲಿ. ದೇಶವ್ಯಾಪಿ ನಿರ್ಮೂಲನಾ ಅಭಿಯಾನ ಆರಂಭವಾದದ್ದು ಮಾತ್ರ 2023ರ ಜುಲೈ 1ರಂದು. ನಡುವೆ ಎಪ್ಪತ್ತು ವರ್ಷ! 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. ಕರ್ನಾಟಕವೂ ಅದರಲ್ಲಿದೆ.

ಹಿಂದೆ ಖಚಿತ ಪರೀಕ್ಷೆಗೆ ಪಟ್ಟಣದ ದೊಡ್ಡ ಪ್ರಯೋಗಾಲಯವೇ ಬೇಕಿತ್ತು. ಕೂಲಿ ಬಿಟ್ಟು ಅಷ್ಟು ದೂರ ಹೋಗುವವರು ಯಾರು? ಈಗ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಯ ಮೇಲೆ ಹಾಕಿದರೆ ಗುಡಿಸಲ ಜಗಲಿಯಲ್ಲೇ, ಚಹಾ ಕುದಿಯುವಷ್ಟರಲ್ಲಿ ಗೆರೆಗಳು ಮೂಡುತ್ತವೆ. ರೋಗವೋ, ಬರೀ ವಾಹಕತನವೋ ಎಂಬ ಸೂಚನೆ ಅದರಲ್ಲೇ ಸಿಗುತ್ತದೆ. ಸಂಶಯವಿದ್ದರೆ ಎಚ್‌ಪಿಎಲ್‌ಸಿ ಎಂಬ ಯಂತ್ರದಲ್ಲಿ ಖಚಿತಪಡಿಸುತ್ತಾರೆ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ನೋವಿನ ಸರದಿಯನ್ನು ಕಡಿಮೆ ಮಾಡುತ್ತದೆ. ಆದರೆ ವೈದ್ಯರ ನಿಗಾ ಬೇಕು, ಆಗಾಗ ರಕ್ತ ಪರೀಕ್ಷೆಯೂ ಬೇಕು. 2023ರ ಕೊನೆಗೆ ಬ್ರಿಟನ್, ಅಮೆರಿಕಗಳಲ್ಲಿ ಜೀನ್ ತಿದ್ದುವ ಚಿಕಿತ್ಸೆಗೂ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್! ಹಾಡಿಯವರಿಗೆ ಸದ್ಯ ಆ ಮಾತ್ರೆಯೇ ದೊಡ್ಡದು.

‘ಇದು ಕಾಡಿನವರ ಕಾಯಿಲೆ, ನಮಗೇಕೆ?’ ಎನ್ನಬೇಡಿ. ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲೇ ಥಲಸ್ಸೇಮಿಯಾ ವಾಹಕರೂ ಪತ್ತೆಯಾಗುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ರೋಗದ ಸಂಭವ. ವಾಹಕರು ನೋಡಲು ಆರೋಗ್ಯವಾಗಿಯೇ ಇರುತ್ತಾರೆ. ಚಿಕ್ಕಪ್ಪ, ಸೋದರಮಾವನ ಮಕ್ಕಳಲ್ಲಿ ಸಂಬಂಧ ಬೆಳೆಸುವ ನಮ್ಮ ಮನೆಗಳಲ್ಲಿ ಇಬ್ಬರಿಗೂ ಅದೇ ದೋಷ ಬಂದಿರುವ ಸಾಧ್ಯತೆ ಹೆಚ್ಚು. ಸಂಬಂಧ ಬೇಡವೆಂದು ನಾನು ಹೇಳುತ್ತಿಲ್ಲ. ನಿಕಾಹ್‌ಗೆ ಮೊದಲು ಸೀರೆ, ಚಿನ್ನ, ಹಾಲ್ ಎಲ್ಲವನ್ನೂ ವಿಚಾರಿಸುವ ನಾವು ರಕ್ತವನ್ನೂ ಒಮ್ಮೆ ವಿಚಾರಿಸಬಾರದೇ? ವರದಿ ಬಂದಾಗ ಹೆಣ್ಣಿನ ಕಡೆಯವರನ್ನಷ್ಟೇ ದೂರುವ ಚಾಳಿ ಬೇಡ; ದೋಷ ಬರುವುದು ಇಬ್ಬರಿಂದಲೂ.

ನನ್ನ ವಿದ್ಯಾರ್ಥಿನಿಯನ್ನು ಕಿಟಕಿಯ ಪಕ್ಕದಿಂದ ಒಳಗಿನ ಬೆಂಚಿಗೆ ಕೂರಿಸಿದ್ದೇನೆ, ಅಲ್ಲಿ ಗಾಳಿ ಕಡಿಮೆ. ಅವಳ ಬ್ಯಾಗಿನಲ್ಲಿ ಸದಾ ನೀರಿನ ಬಾಟಲಿ ಇರುತ್ತದೆ. ಪಾಠದ ನಡುವೆ ಅವಳು ಅದನ್ನು ತೆರೆದರೆ ನಾನು ಏನೂ ಕೇಳುವುದಿಲ್ಲ.