ಬಾಡಿಗೆ ಜಾಸ್ತಿ ಮಾಡೋಕೂ ಒಂದು ಕ್ರಮ ಬೇಡ್ವೇ?

ಚಳ್ಳಕೆರೆಯಲ್ಲಿ ನಮ್ಮ ದೊಡ್ಡಪ್ಪನವರಿಗೆ ಎರಡು ಬಾಡಿಗೆ ಮನೆ ಇವೆ. ಮೊಳಕಾಲ್ಮೂರಿನಲ್ಲಿ ನಮ್ಮ ಚಿಕ್ಕಮ್ಮ ಬಾಡಿಗೆ ಮನೆಯಲ್ಲಿದ್ದಾರೆ. ಹಾಗಾಗಿ ಈ ವಿಷಯ ಬಂದಾಗಲೆಲ್ಲ ನಮ್ಮನೇಲಿ ಎರಡೂ ಕಡೆಯ ವಾದ ಕೇಳಿಸುತ್ತೆ :)

ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರುತ್ತೆ. ಬಾಡಿಗೆ ಇಸ್ಕೊಳ್ಳೋಕೆ ಬಂದವರು ಹೊಸಿಲಲ್ಲೇ ನಿಂತು "ಬರೋ ತಿಂಗಳಿಂದ ಐನೂರು ಜಾಸ್ತಿ ಕೊಡ್ರಮ್ಮ" ಅಂತಾರೆ. ಅಷ್ಟೇ, ಮುಗೀತು. ಹೋದ ವರ್ಷ ಚಿಕ್ಕಮ್ಮನಿಗೂ ಹೀಗೇ ಆಯ್ತು. ಅವರದ್ದು ರೇಷ್ಮೆ ಸೀರೆ ನೇಯೋ ಮನೆ, ಗುಂಡಿ ಮಗ್ಗ. ನೆಲ ಅಗೆದು ಕೂರಿಸಿದ ಮಗ್ಗವನ್ನ ಮಂಚದ ಹಾಗೆ ಎತ್ತಿ ಆಟೋಗೆ ಹಾಕ್ಕೊಂಡು ಹೋಗೋಕಾಗುತ್ತಾ? ಮಗ್ಗದ ಮೇಲೆ ಹಾಸು ಇದ್ದರಂತೂ ಅದು ಮುಗಿಯೋವರೆಗೆ ಅಲ್ಲಾಡೋ ಹಾಗಿಲ್ಲ. ಆಗಲ್ಲ ಅನ್ನೋಕೆ ಧೈರ್ಯ ಇಲ್ಲ, ಬೇರೆ ಮನೆ ಹುಡುಕೋಕೆ ಟೈಮಿಲ್ಲ. ಒಪ್ಪಿಕೊಂಡರು.

ಆದರೆ ಬಾಡಿಗೆ ಅನ್ನೋದು ಇಬ್ಬರ ಒಪ್ಪಂದ, ಒಬ್ಬರೇ ಬದಲಾಯಿಸೋಕೆ ಬರಲ್ಲ. ಒಂದು ವರ್ಷ ಮೀರಿದ ಕರಾರನ್ನ ರಿಜಿಸ್ಟರ್ ಮಾಡಿಸಬೇಕು ಅಂತ ನಾವೆಲ್ಲ 11 ತಿಂಗಳಿಗೆ ಬರೆಸ್ತೀವಲ್ಲ, ಅದರಲ್ಲಿ ಹೆಚ್ಚಳದ ಮಾತು ಇಲ್ಲದಿದ್ದರೆ ಅವಧಿ ಮುಗಿಯೋ ಮುಂಚೆ ಮಾಲೀಕರು ಕೇಳಬಹುದು, ಒತ್ತಾಯ ಮಾಡೋ ಹಾಗಿಲ್ಲ. ಕರಾರೇ ಇಲ್ಲದ ತಿಂಗಳ ಬಾಡಿಗೆಯಾದರೂ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಕಲಂ ಪ್ರಕಾರ ಬಾಡಿಗೆ ಮುಗಿಸೋಕೆ 15 ದಿನದ ನೋಟಿಸ್ ಬೇಕು. ಅದೂ ಬರಹದಲ್ಲಿ, ಸಹಿ ಹಾಕಿ, ಅಂಚೆಯಲ್ಲೋ ಕೈಗೋ ಕೊಡಬೇಕು.

ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಸ್ಪಷ್ಟ: ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಹೊಸ ಬಾಡಿಗೆ ಶುರುವಾಗೋ 3 ತಿಂಗಳ ಮೊದಲೇ ಬರೆದು ತಿಳಿಸಬೇಕು. ಅದು ಮಾದರಿ ಮಾತ್ರ, ಆಯಾ ರಾಜ್ಯ ಜಾರಿಗೆ ತಂದರಷ್ಟೇ ಕಾನೂನು. ಆದರೆ ಒಳ್ಳೆಯದನ್ನ ಪಾಲಿಸೋಕೆ ಸರ್ಕಾರದ ಆದೇಶ ಯಾಕೆ ಕಾಯಬೇಕು?

ದೊಡ್ಡಪ್ಪ ಈಗ ಹಾಗೇ ಮಾಡ್ತಾರೆ. ಬಿಳಿ ಹಾಳೆ ಮೇಲೆ ಕನ್ನಡದಲ್ಲಿ ಈಗಿನ ಬಾಡಿಗೆ, ಹೊಸ ಬಾಡಿಗೆ, ಯಾವ ತಾರೀಖಿನಿಂದ, ಯಾಕೆ ಅಂತ ಬರೀತಾರೆ. ಓದು ಬಾರದವರಿಗೆ ಓದಿ ಹೇಳ್ತಾರೆ. ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಕೋತಾರೆ. ಖರ್ಚು ಎರಡು ಹಾಳೆ!

ಮೂರು ತಿಂಗಳು ಸಿಕ್ಕರೆ ಚಿಕ್ಕಮ್ಮನಂಥವರು ಮಗ್ಗದ ಮೇಲಿರೋ ಹಾಸು ಮುಗಿಸಬಹುದು, ಬೇರೆ ಮನೆ ನೋಡಬಹುದು, ಚೌಕಾಸಿನೂ ಮಾಡಬಹುದು. ಆಮೇಲೆ ಒಪ್ಪಿದರೆ ಅದು ನಿಜವಾದ ಒಪ್ಪಿಗೆ. ನಿಮ್ಮೂರಲ್ಲಿ ಹೇಗೆ ಹೇಳ್ತಾರೆ, ಹಾಳೆ ಮೇಲೋ ಹೊಸಿಲ ಮೇಲೋ?