ತರಗತಿಯಲ್ಲಿ ಕೂರುವ ಜಾಗ

ತರಗತಿಯಲ್ಲಿ ಮಗು ಎಲ್ಲಿ ಕೂರಬೇಕೆಂಬುದನ್ನು ಹೆಚ್ಚಾಗಿ ಎತ್ತರ, ಅಂಕ, ಗಲಾಟೆ ಈ ಮೂರೇ ತೀರ್ಮಾನಿಸುತ್ತವೆ. ಕುಳ್ಳಗಿರುವವರು ಮುಂದೆ, ಉದ್ದಗಿರುವವರು ಹಿಂದೆ, ಬಾಯಿ ಹೆಚ್ಚಾದವರು ಟೀಚರ ಕಣ್ಣೆದುರಿಗೆ. ಜೂನ್‌ನಲ್ಲಿ ಹೀಗೆ ಸಿಕ್ಕ ಜಾಗ ಎಷ್ಟೋ ಶಾಲೆಗಳಲ್ಲಿ ಪರೀಕ್ಷೆ ಮುಗಿಯುವವರೆಗೂ ಬದಲಾಗುವುದಿಲ್ಲ.

ಬೆಂಚುಗಳ ಸಾಲಿನಲ್ಲಿ ಶಿಕ್ಷಕರ ಗಮನ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಆಡಮ್ಸ್ ಮತ್ತು ಬಿಡಲ್ ಎಂಬ ಸಂಶೋಧಕರು 1970ರಲ್ಲೇ ತೋರಿಸಿಕೊಟ್ಟಂತೆ, ಪ್ರಶ್ನೋತ್ತರದ ಬಹುಪಾಲು ಮುಂದಿನ ಸಾಲಿನಲ್ಲಿ ಮತ್ತು ನಡುವಿನ ಬೆಂಚುಗಳಲ್ಲೇ ನಡೆದುಹೋಗುತ್ತದೆ. ಓದುವವರೇ ಮುಂದೆ ಕೂರುತ್ತಾರಲ್ಲ, ಅದಕ್ಕೇ ಹೀಗೆ ಎಂದು ಯಾರಾದರೂ ವಾದಿಸಬಹುದು. ಆದರೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪರ್ಕಿನ್ಸ್ ಮತ್ತು ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ದೊಡ್ಡದೊಂದು ಭೌತಶಾಸ್ತ್ರ ತರಗತಿಗೆ ಚೀಟಿ ಎತ್ತಿದಂತೆ ಜಾಗ ಹಂಚಿ, ಅರ್ಧ ಅವಧಿ ಕಳೆದ ಮೇಲೆ ಹಿಂದಿನವರನ್ನು ಮುಂದಕ್ಕೂ ಮುಂದಿನವರನ್ನು ಹಿಂದಕ್ಕೂ ಕಳಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೊದಲರ್ಧ ಹಿಂದೆ ಕೂತವರಲ್ಲಿ ಮೇಲಿನ ಶ್ರೇಣಿ ಪಡೆದವರು ಕಡಿಮೆ, ನಪಾಸಾದವರು ಹೆಚ್ಚು. ಎಲ್ಲ ತರಗತಿಗಳಲ್ಲೂ ಹೀಗೇ ಆದೀತೆನ್ನಲಾಗದು. ಆದರೆ ಜಾಗ ಬದಲಿಸುವುದಿದ್ದರೆ ವರ್ಷದ ಆರಂಭದಲ್ಲೇ ಬದಲಿಸುವುದು ಮೇಲು.

ಪಕ್ಕದಲ್ಲಿ ಕೂರುವವರ ಪ್ರಭಾವವೂ ಸಣ್ಣದಲ್ಲ. ಹಂಗೇರಿಯಲ್ಲಿ 3ರಿಂದ 8ನೇ ತರಗತಿಯ ಮಕ್ಕಳ ಜೊತೆಯನ್ನು ಹೀಗೆಯೇ ಚೀಟಿಗೆ ಬಿಟ್ಟು ನೋಡಿದಾಗ, ಇಬ್ಬರೂ ಪರಸ್ಪರ ಗೆಳೆಯರೆಂದು ಹೇಳಿಕೊಳ್ಳುವ ಸಾಧ್ಯತೆ ಸುಮಾರು ಶೇ. 15ರಿಂದ 22ಕ್ಕೆ ಏರಿತ್ತು. ಒಂದೇ ಬೆಂಚು ಹಂಚಿಕೊಂಡದ್ದಷ್ಟೇ ಇದಕ್ಕೆ ಕಾರಣ.

ನಮ್ಮ ದೇಶದಲ್ಲಿ ಈ ಮಾತಿಗೆ ತೂಕ ಹೆಚ್ಚು. ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಬೇರೆಯಾಗಿ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಶಾಲೆಯ ಆಳು ಮುಟ್ಟುವುದಿಲ್ಲವೆಂದು ಸಂಜೆ ಅದನ್ನು ತಾವೇ ಮನೆಗೆ ಹೊತ್ತೊಯ್ದು, ಮರುದಿನ ಮತ್ತೆ ತರಬೇಕಿತ್ತು. ಅಲ್ಲಿ ಮಗುವಿನ ಜಾಗವನ್ನು ಗೊತ್ತುಮಾಡಿದ್ದು ಜಾತಿ. ಇಂದು ಶಾಲೆಯ ನಿಯಮದಲ್ಲಿ ಅದು ಇಲ್ಲ. ಆದರೆ ಮಕ್ಕಳನ್ನು ತಮಗೆ ಬೇಕಾದವರ ಜೊತೆ ಕೂರಲು ಬಿಟ್ಟರೆ ಊರಿನ ಕೇರಿಗಳೇ ಬೆಂಚಿಗೂ ಬಂದುಬಿಡಬಹುದು. ಹದಿನೈದು ದಿನಕ್ಕೊಮ್ಮೆ ಜೊತೆ ಬದಲಿಸುವ ಶಿಕ್ಷಕರು ಮಾಡುತ್ತಿರುವುದು ನಿಜಕ್ಕೂ ದೊಡ್ಡ ಕೆಲಸ.

ಬೆಂಚುಗಳ ಸಾಲನ್ನೇ ಕೈಬಿಟ್ಟ ಪ್ರಯತ್ನಗಳೂ ಇವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ನೆಲದ ಮೇಲೆ ಐದು ಗುಂಪುಗಳಾಗಿ ಕೂರುತ್ತಾರೆ. ಟೀಚರ ನೆರವು ಪೂರ್ತಿ ಬೇಕಾದವರ ಗುಂಪಿನಿಂದ ತಾವೇ ಕಲಿಯಬಲ್ಲವರ ಗುಂಪಿನವರೆಗೆ, ಕಲಿಕೆಯ ಮೆಟ್ಟಿಲು ಏರಿದಂತೆ ಮಗುವಿನ ತಾಣವೂ ಬದಲಾಗುತ್ತದೆ. ಟೀಚರೂ ನೆಲದಲ್ಲೇ ಕೂರುವುದರಿಂದ ಅಲ್ಲಿ ಕೊನೆಯ ಬೆಂಚೆಂಬುದೇ ಇಲ್ಲ. 2025ರಲ್ಲಿ ಕೇರಳದ ಕೆಲವು ಶಾಲೆಗಳು ‘ಸ್ಥಾನಾರ್ಥಿ ಶ್ರೀಕುಟ್ಟನ್’ ಎಂಬ ಮಲಯಾಳಂ ಚಿತ್ರದಿಂದ ಪ್ರೇರಣೆ ಪಡೆದು ಬೆಂಚುಗಳನ್ನು ಗೋಡೆಯ ಉದ್ದಕ್ಕೂ ಸರಿಸಿದವು.

ಇದಕ್ಕೂ ಮಿತಿಯಿದೆ. ಬದಿಯಲ್ಲಿ ಕೂತವರು ಬೋರ್ಡು ನೋಡಲು ದಿನವಿಡೀ ಕತ್ತು ಹೊರಳಿಸಬೇಕು. ಐವತ್ತು ಮಕ್ಕಳ ಕೋಣೆಯಲ್ಲಿ ಅಷ್ಟು ಗೋಡೆಯೂ ಸಿಗದು. ಚರ್ಚೆಗೆ ವೃತ್ತ ಒಳ್ಳೆಯದಾದರೂ ಒಬ್ಬೊಬ್ಬರೇ ಲೆಕ್ಕ ಮಾಡುವಾಗ ಸಾಲಿನಲ್ಲೇ ಏಕಾಗ್ರತೆ ಹೆಚ್ಚೆಂದು ಬ್ರಿಟನ್ನಿನ ಅಧ್ಯಯನಗಳು ಕಂಡುಕೊಂಡಿವೆ. ದೃಷ್ಟಿ ಮಂದವಾದ ಮಗುವಿಗೆ ಬೋರ್ಡಿನ ಹತ್ತಿರವೇ ಜಾಗ ಬೇಕು, ಕಿವಿ ಮಂದವಾದ ಮಗುವಿಗೆ ಟೀಚರ ತುಟಿ ಕಾಣಬೇಕು. ಎಷ್ಟು ಸಲ ಜಾಗ ಬದಲಿಸಿದರೂ ಇವರನ್ನು ಮಾತ್ರ ಹಿಂದಕ್ಕೆ ಕಳಿಸಬಾರದು. ಕಾರಣವನ್ನು ಉಳಿದ ಮಕ್ಕಳಿಗೂ ಬಿಡಿಸಿ ಹೇಳಬೇಕು.