ಒಂದೇ ಹಲಗೆ, ನಾಲ್ಕು ಥರದ ಹಿಮ

ಹಿಮ ಅಂದ್ರೆ ಹಿಮ, ಅದರಲ್ಲಿ ಏನು ವೆರೈಟಿ ಅಂತ ತುಮಕೂರಲ್ಲಿ ಬೆಳೆದ ಯಾರಿಗಾದರೂ ಅನ್ನಿಸುತ್ತೆ. ನಮ್ಮ ಕಾಲೇಜಿನ ಮೆಕ್ಯಾನಿಕಲ್ ಮುಗಿಸಿ, ಎಂಎಸ್ ಮಾಡೋಕೆ ಅಮೆರಿಕದ ಸಾಲ್ಟ್ ಲೇಕ್ ಸಿಟಿಗೆ ಬಂದ ನನಗೆ ಇದು ಎರಡನೇ ಚಳಿಗಾಲ. ಈ ಊರಿನ ಪಕ್ಕದಲ್ಲೇ ವಾಸಾಚ್ ಪರ್ವತಸಾಲು. ಯೂಟಾ ರಾಜ್ಯದ ವಾಹನಗಳ ನಂಬರ್ ಪ್ಲೇಟ್ ಮೇಲೂ ಇಲ್ಲಿನ ಹಿಮದ ಜಾಹೀರಾತು ಇರುತ್ತೆ. ಇಲ್ಲಿ ಇದ್ದುಕೊಂಡು ಸ್ನೋಬೋರ್ಡ್ ಕಲಿಯದೇ ಇರೋದು ಕಷ್ಟ.

ನಾವು ಹೋಗೋದು ಬ್ರೈಟನ್‌ಗೆ. ಪಕ್ಕದ ಕಣಿವೆಯ ಆಲ್ಟಾದಲ್ಲಿ ಸ್ಕೀ ಮಾತ್ರ, ಸ್ನೋಬೋರ್ಡಿಗೆ ಪ್ರವೇಶವೇ ಇಲ್ಲ. ಬ್ರೈಟನ್‌ನಲ್ಲಿ ಒಂದೇ ದಿನದಲ್ಲಿ ನಾಲ್ಕು ಥರದ ನೆಲ ಸಿಗಬಹುದು. ಬೆಳಿಗ್ಗೆ ಮೆಷಿನ್ ಓಡಿಸಿ ಸಮ ಮಾಡಿದ, ಉತ್ತ ಹೊಲದ ಥರ ಗೆರೆ ಬಿದ್ದಿರೋ ಗಟ್ಟಿ ಹಿಮ. ರಾತ್ರಿ ಬಿದ್ದಿದ್ದರೆ ಮರಗಳ ನಡುವೆ ಮೊಣಕಾಲವರೆಗೆ ಪೌಡರ್. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ತುಳಿದು ಗುಡ್ಡೆ ಗುಡ್ಡೆಯಾದ ಹಿಮ. ಮಾರ್ಚ್ ಬಂತು ಅಂದ್ರೆ ಬಿಸಿಲಿಗೆ ಕರಗಿ, ಕಬ್ಬಿನಹಾಲು ಅಂಗಡಿಯ ಪುಡಿ ಐಸ್ ಥರ ನೀರು ನೀರು. ಈ ನಾಲ್ಕಕ್ಕೂ ನಾಲ್ಕು ಬೋರ್ಡ್ ಇಟ್ಟುಕೊಂಡವರು ಇಲ್ಲಿದ್ದಾರೆ. ನನ್ನ ಹತ್ತಿರ ಇದ್ದದ್ದು 300 ಡಾಲರ್. ತಿಂಗಳಾ ತಿಂಗಳಾ ಟಿಎ ಸಂಬಳದಲ್ಲಿ ಬಾಡಿಗೆ, ದಿನಸಿ, ಸಾಲದ ಬಡ್ಡಿ ಕಳೆದು ಉಳಿಸಿದ್ದು. ಬಾಡಿಗೆ ಬೋರ್ಡಿಗೆ ದಿನಕ್ಕೆ 45 ಡಾಲರ್ ಕೊಡ್ತಾ ಇದ್ದೆ. ಏಳು ದಿನ ಹೋದರೆ ಸ್ವಂತದ್ದು ತಗೊಂಡ ಲೆಕ್ಕ.

ಫೋನಲ್ಲಿ ಅಪ್ಪನಿಗೆ ಹೇಳಿದೆ. "ಅಷ್ಟು ದುಡ್ಡು ಹಲಗೆಗೇನೋ?" ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರಿಂದ ಏನಾದ್ರೂ ಉಪಯೋಗ ಇದೆಯಾ?" ಅಂದ್ರು. ಬೈದಿದ್ದಲ್ಲ, ನಿಜವಾಗಿ ತಿಳ್ಕೊಳೋಕೆ ಕೇಳಿದ್ದು. "ಇಲ್ಲಪ್ಪ, ಬರೀ ಆಟ" ಅಂದೆ. ಹಾಗೆ ಅಂದಮೇಲೆ ಆ ಆಟಕ್ಕೆ ಸರಿಯಾದ ಹಲಗೆಯನ್ನೇ ಹುಡುಕಬೇಕಿತ್ತು.

ಅಂಗಡಿಯವರು 'ಪ್ಲೇಫುಲ್ ಆಲ್ ಮೌಂಟನ್' ಅಂತ ಒಂದು ಜಾತಿ ಹೇಳ್ತಾರೆ. ಎಲ್ಲ ಕಡೆಗೂ ಆಗುತ್ತೆ, ಆದರೆ ವೇಗಕ್ಕಿಂತ ತಿರುಗೋದು, ನೆಗೆಯೋದು, ಹಿಂದುಮುಂದಾಗಿ ಜಾರೋದು ಮುಖ್ಯ. ನಾನು ಅದಕ್ಕೆ ತುಂಟ ಬೋರ್ಡ್ ಅಂತ ಹೆಸರಿಟ್ಟೆ. ತುಂಟತನ ಎಲ್ಲಿಂದ ಬರುತ್ತೆ ಅಂತ ನೋಡ್ತಾ ಹೋದರೆ ಪೂರ್ತಿ ನಮ್ಮ ಸಿಲಬಸ್ಸೇ.

ಮೊದಲನೆಯದು ಬಾಗು. ಲಾರಿಯ ಲೀಫ್ ಸ್ಪ್ರಿಂಗನ್ನು ತಲೆಕೆಳಗೆ ಮಾಡಿ ನೆಲದ ಮೇಲಿಡಿ: ತುದಿಗಳು ನೆಲಕ್ಕೆ, ನಡು ಮೇಲೆ. ಅದು ಕ್ಯಾಂಬರ್. ಮೇಲೆ ನಿಂತರೆ ಭಾರ ತುದಿಗಳವರೆಗೂ ಹಂಚಿಹೋಗಿ ಪೂರ್ತಿ ಅಂಚು ಹಿಮ ಹಿಡಿಯುತ್ತೆ, ನೆಗೆಯುವಾಗ ಸ್ಪ್ರಿಂಗ್ ಥರ ವಾಪಸ್ ತಳ್ಳುತ್ತೆ. ಆದರೆ ಕಾಲು ಸ್ವಲ್ಪ ತಪ್ಪಿದರೂ ಅಂಚು ಸಿಕ್ಕಿಹಾಕಿಕೊಂಡು ಧಪ್ ಅಂತ ಬೀಳ್ತೀವಿ. ಇದರ ಉಲ್ಟಾ ರಾಕರ್, ಅಂದರೆ ದೋಣಿಯ ತಳದ ಥರ. ಪೌಡರಲ್ಲಿ ತೇಲುತ್ತೆ, ಸುಲಭಕ್ಕೆ ತಿರುಗುತ್ತೆ, ಗಟ್ಟಿ ಹಿಮದಲ್ಲಿ ಹಿಡಿತ ಕಮ್ಮಿ. ನಾಲ್ಕೂ ನೆಲಕ್ಕೆ ಒಂದೇ ಬೋರ್ಡ್ ಬೇಕು ಅಂದ್ರೆ ಎರಡರ ಮಿಶ್ರಣ: ಕಾಲ ಕೆಳಗೆ ಕ್ಯಾಂಬರ್, ತುದಿಗಳಲ್ಲಿ ಮಾತ್ರ ಮೇಲೆದ್ದ ರಾಕರ್.

ಎರಡನೆಯದು ಬಿಗಿ. ಕಂಪನಿಗಳು 1ರಿಂದ 10ರವರೆಗೆ ಅಂಕ ಕೊಡ್ತವೆ. ಮೆತ್ತಗಿದ್ದಷ್ಟೂ ತುಂಟ, ಬಿಗಿಯಾದಷ್ಟೂ ಸ್ಥಿರ. ಎಲ್ಲ ಕಂಪನಿಗೂ ಒಂದೇ ಅಳತೆಗೋಲಿಲ್ಲ, ಅದಕ್ಕೇ ಅಂಗಡಿಯಲ್ಲಿ ಕೈಯಲ್ಲಿ ಬಗ್ಗಿಸಿ ನೋಡಬೇಕು. ನನಗೆ ಬೇಕಾಗಿದ್ದು 4-5ರ ಆಸುಪಾಸು. ಅದಕ್ಕಿಂತ ಮೆತ್ತಗಿದ್ದರೆ ಮಧ್ಯಾಹ್ನದ ಗುಡ್ಡೆಗಳಲ್ಲಿ ಹಲಗೆಯೇ ನಮ್ಮನ್ನು ಎಸೆಯುತ್ತೆ.

ಮೂರನೆಯದು ಪಕ್ಕದ ಅಂಚಿನ ವಕ್ರತೆ, ಸೈಡ್‌ಕಟ್. ಬೋರ್ಡನ್ನು ಪಕ್ಕಕ್ಕೆ ಒರಗಿಸಿದಾಗ ತಿರುವಿನ ತ್ರಿಜ್ಯ, ಗಟ್ಟಿ ಹಿಮದಲ್ಲಿ ಅಂದಾಜಿಗೆ, ಸೈಡ್‌ಕಟ್ ತ್ರಿಜ್ಯ ಗುಣಿಸು ಕಾಸ್ ಥೀಟಾ. 8 ಮೀಟರ್ ತ್ರಿಜ್ಯದ ಬೋರ್ಡನ್ನು 60 ಡಿಗ್ರಿ ಒರಗಿಸಿದರೆ 4 ಮೀಟರಿನ ತಿರುವು. ಮರಗಳ ನಡುವೆ ಜೀವ ಉಳಿಸೋದು ಇದೇ. ಎರಡನೇ ಸೆಮಿಸ್ಟರಲ್ಲಿ ಬಾಯಿಪಾಠ ಮಾಡಿದ್ದ ಕಾಸ್ ಥೀಟಾ ಇಲ್ಲಿ ಮಂಡಿಗೆ ಗೊತ್ತಾಗುತ್ತೆ.

ಉಳಿದದ್ದು ಮೈಕಟ್ಟಿನ ಲೆಕ್ಕ. ಉದ್ದ ನೋಡೋಕೆ ಎತ್ತರಕ್ಕಿಂತ ತೂಕ ಮುಖ್ಯ. ನಾನು 64 ಕೆ.ಜಿ., ನನಗೆ 152 ಸೆಂ.ಮೀ. ಸಾಕು. ನಡುವಿನ ಅಗಲ ಬೂಟಿಗೆ ಹೊಂದಬೇಕು, ಇಲ್ಲದಿದ್ದರೆ ತಿರುಗುವಾಗ ಬೂಟಿನ ತುದಿ ಹಿಮಕ್ಕೆ ಉಜ್ಜುತ್ತೆ. ಆಕಾರ 'ಡೈರೆಕ್ಷನಲ್ ಟ್ವಿನ್' ತಗೊಂಡೆ, ಹೆಚ್ಚುಕಮ್ಮಿ ಎರಡೂ ಕಡೆ ಒಂದೇ ಥರ, ಹಿಂದಕ್ಕೂ ಜಾರಬಹುದು. ಪೌಡರ್ ದಿನ ಬೈಂಡಿಂಗನ್ನು ಒಂದು ತೂತು ಹಿಂದಕ್ಕೆ ಸರಿಸಿದರೆ ಮೂಗು ಮೇಲೇಳುತ್ತೆ. ಬ್ರೆಡ್ ಚಾಕುವಿನ ಥರ ಅಲೆ ಅಲೆಯಾದ ಅಂಚಿನ ಬೋರ್ಡುಗಳೂ ಇವೆ, ಮಂಜುಗಡ್ಡೆ ಜಾಸ್ತಿ ಇರೋ ಊರಿಗೆ ಒಳ್ಳೇದು. ಯೂಟಾದ ಒಣ ಹಿಮಕ್ಕೆ ಅಷ್ಟು ಬೇಕಿಲ್ಲ ಅಂತ ಬಿಟ್ಟೆ. ಸೀಸನ್ ಮುಗಿಯೋ ಹೊತ್ತಿಗೆ ಬೆಲೆ ಇಳಿಯುತ್ತೆ, ಹೋದ ವರ್ಷದ ಮಾಡೆಲ್ 290ಕ್ಕೆ ಸಿಕ್ಕಿತು. ಬೈಂಡಿಂಗ್ ಸೀನಿಯರ್ ಒಬ್ಬರು ಹಳೇದು ಕೊಟ್ಟರು.

ಈ ಹಲಗೆಗೂ ಮಿತಿ ಇದೆ. ನೇರ ಇಳಿಜಾರಲ್ಲಿ ಜೋರಾಗಿ ಬಿಟ್ಟರೆ ಮೂಗು ಗಡಗಡ ಅನ್ನುತ್ತೆ. ಬಿಗಿ ಬೋರ್ಡಿನವರು ಸುಯ್ ಅಂತ ಮುಂದೆ ಹೋಗ್ತಾರೆ, ಹೋಗಲಿ. ಡಿಸೈನ್ ಅಂದ್ರೆ ಯಾವುದನ್ನು ಬಿಟ್ಟುಕೊಡ್ತೀವಿ ಅಂತ ತೀರ್ಮಾನ ಮಾಡೋದು. ನಾನು ವೇಗ ಬಿಟ್ಟುಕೊಟ್ಟೆ.

ಪಿಯುಸಿಯಿಂದ ಇಲ್ಲಿಯವರೆಗೆ ನಾನು ಕಲಿತದ್ದೆಲ್ಲ ಯಾವುದೋ ಒಂದಕ್ಕಾಗಿ: ಸಿಇಟಿಗೆ, ಪ್ಲೇಸ್‌ಮೆಂಟಿಗೆ, ಜಿಆರ್‌ಇಗೆ. ಇದೊಂದಕ್ಕೆ ರ‍್ಯಾಂಕಿಲ್ಲ, ಕಟಾಫ್ ಇಲ್ಲ. ಥೀಸಿಸ್ ನಿಂತುಹೋಗಿದ್ದ ಫೆಬ್ರವರಿಯಲ್ಲಿ ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿದ್ದರಿಂದಲೇ ಸೋಮವಾರ ಲ್ಯಾಬ್ ಬಾಗಿಲು ತೆಗೆಯೋಕೆ ಮನಸ್ಸು ಬರ್ತಿತ್ತು.

ಇಡೀ ಸ್ನೋಬೋರ್ಡಿನ ಕಥೆ ಶುರುವಾಗಿದ್ದೂ ಆಟದಿಂದಲೇ. 1965ರಲ್ಲಿ ಮಿಶಿಗನ್ ರಾಜ್ಯದ ಶರ್ಮನ್ ಪಾಪೆನ್ ಅನ್ನೋ ಎಂಜಿನಿಯರ್ ಮಗಳಿಗೆ ಅಂತ ಎರಡು ಸ್ಕೀಗಳನ್ನು ಜೋಡಿಸಿಕೊಟ್ಟರು. 'ಸ್ನರ್ಫರ್' ಅನ್ನೋ ಆ ಆಟಿಕೆಯ ವಂಶದ್ದೇ 1998ರಲ್ಲಿ ನಾಗಾನೊ ಒಲಿಂಪಿಕ್ಸ್‌ಗೆ ಹೋಯಿತು. ಇದನ್ನು ಅಪ್ಪನಿಗೆ ಹೇಳಿದೆ. "ಹಾಗಾದ್ರೆ ಎಂಜಿನಿಯರ್‌ಗಳೂ ಆಟ ಆಡ್ತಾರೆ ಅನ್ನು" ಅಂತ ನಕ್ಕರು.

ನಿಮ್ಮ ಹಲಗೆ ಸ್ನೋಬೋರ್ಡೇ ಆಗಬೇಕಿಲ್ಲ. ಕೇರಂ ಬೋರ್ಡಾದರೂ ಸರಿ. ಇಂಟರ್ನಲ್ಸ್ ಮುಗಿದ ಸಂಜೆ ಒಂದು ಆಟ ಹಾಕಿ.